ಗೂಡಿಗೆ ಇಟ್ಟ ಹೆಸರು

ಶುಕ್ರವಾರ ಮಧ್ಯಾಹ್ನ ವರ್ನೀಡಾ ಮಿಡಲ್‌ಟನ್ ಮಂಡಿಯೂರಿ ಗೂಡಿನ ನೆಲ ಕೆರೆಯುತ್ತಿದ್ದಳು. ಕೆರೆಯುತ್ತಿದ್ದದ್ದು ಬಬಲ್‌ಗಮ್ಮು. ಎಷ್ಟೋ ವರ್ಷದ್ದು. ಒಂದರ ಮೇಲೊಂದು ಅಂಟಿ, ತುಳಿಸಿಕೊಂಡು ತುಳಿಸಿಕೊಂಡು ಕಲ್ಲಾಗಿತ್ತು. ಸೊಂಟ ಹಿಡಿದುಕೊಂಡಿತ್ತು. ಮಂಡಿಯ ಕೆಳಗೆ ಮಡಚಿ ಹಾಕಿದ್ದ ಟವೆಲು ಒದ್ದೆಯಾಗಿ ಅದೂ ನೆಲದ ಕಡೆ ಸೇರಿಕೊಂಡಿತ್ತು. ಐವತ್ತೆಂಟರ ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಬೈದು ಕೆಲಸ ತೆಗೆಯಬೇಕು. ಅವಳು ಬೈಯುತ್ತಲೇ ಇದ್ದಳು.

ಗೂಡು ಎಂದರೆ ಹಕ್ಕಿಯ ಗೂಡಲ್ಲ, ಕೋಳಿಯ ಗೂಡು. ಹೆಸರಿಟ್ಟವರು ಮಕ್ಕಳು. ಹೈಸ್ಕೂಲಿನ ಹಿಂಬದಿಯಲ್ಲಿ, ಬಾಯ್ಲರಿನ ಪಕ್ಕ, ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಗುಂಟ ಪ್ಲೈವುಡ್ ಹಲಗೆ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಖಾನೆ ಮಾಡಿದ್ದರು. ತಪ್ಪು ಮಾಡಿದ ಮಕ್ಕಳು ಪಾಠ ಬಿಟ್ಟು ಇಡೀ ದಿನ ಅಲ್ಲಿ ಗೋಡೆಗೆ ಮುಖ ಮಾಡಿ ಕೂರಬೇಕು. ಶಾಲೆಯವರ ಬಾಯಲ್ಲಿ ಅದು ‘ಆತ್ಮಾವಲೋಕನ ಕೇಂದ್ರ’. ಕಿಟಕಿ ಇಟ್ಟಿದ್ದರೆ ಆತ್ಮ ಹೊರಗೆ ನೋಡಿಬಿಡುತ್ತಿತ್ತೇನೋ.

ಅಮೆರಿಕದ ಕ್ಯಾರೊಲಿನಾ ಕಡಲ ಕಡೆಯ ಆ ಸಣ್ಣ ಊರಿನಲ್ಲಿ ಅರ್ಧ ಮಕ್ಕಳು ಬಿಳಿಯರು, ಅರ್ಧ ಕಪ್ಪು. ಗೂಡಿನಲ್ಲಿ ಮಾತ್ರ ಈ ಅರ್ಧದ ಲೆಕ್ಕ ನಡೆಯುತ್ತಿರಲಿಲ್ಲ. ಅಲ್ಲಿ ಬಿಳಿ ಮಗು ಕಂಡರೆ ಪಾಪ ದಾರಿ ತಪ್ಪಿ ಬಂದಿದೆ ಎಂದು ಯಾರಾದರೂ ಕೈ ಹಿಡಿದು ಹೊರಗೆ ಕರೆದೊಯ್ಯುತ್ತಿದ್ದರು. ಬಿಳಿ ಕಪ್ಪು ಎನ್ನದೆ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬೇಕೆಂದು ಕೋರ್ಟು ಗದರಿದ ವರ್ಷವೇ ಉಗ್ರಾಣವಾಗಿದ್ದ ಆ ಕೋಣೆಯನ್ನು ಖಾಲಿ ಮಾಡಿ ಈ ಕೇಂದ್ರ ಮಾಡಿದ್ದು. ಒಂದೇ ಬಾಗಿಲಲ್ಲಿ ಒಳಗೆ ಬಿಟ್ಟುಕೊಂಡರು, ಒಳಗೆ ಇನ್ನೊಂದು ಬಾಗಿಲು ಮಾಡಿದರು.

ಪ್ರಿನ್ಸಿಪಾಲ್ ಮೇಡಂ ಬಾಗಿಲಲ್ಲಿ ಬಂದು ನಿಂತರು. ವರ್ನೀಡಾಳ ಮಗಳ ವಯಸ್ಸು.

"ವರ್ನೀಡಾ, ನೆಲ ಆದ್ಮೇಲೆ ಗೋಡೆಗೆ ಎರಡು ಕೈ ಬಣ್ಣ ಬಳಿ. ಸೋಮವಾರ ಬೆಳಿಗ್ಗೆ ಡ್ರಿಲ್ ತಗೊಂಡು ಬಾ. ಈ ಬಾಗಿಲಿಗೆ ಒಂದು ಹಿತ್ತಾಳೆ ಫಲಕ ಹಾಕೋದಿದೆ."

"ಏನು ಫಲಕ, ಮೇಡಂ?"

"ಒಳ್ಳೇದು. ಚೆನ್ನಾಗಿದೆ. ನೋಡ್ತೀಯಲ್ಲ."

ಮೇಡಂ ಹೋದರು. ವರ್ನೀಡಾ ಕೆರೆಯುವುದನ್ನು ನಿಲ್ಲಿಸಿ ಬಾಗಿಲನ್ನೇ ನೋಡಿದಳು. ಈ ಬಾಗಿಲಿಗೆ ಹಿತ್ತಾಳೆಯ ಶೋಕಿ ಯಾಕೆ ಬಂತು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಭಾನುವಾರ ಮಿಸ್ ಕ್ಲಿಯೋರಾ ಗ್ಯಾಡ್ಸನ್ ಅವರ ಗೌರವ ಸಭೆ ಇತ್ತು. ಅವರು ಮಣ್ಣಾಗಿ ಮೂರು ವಾರವಾಗಿತ್ತು.

ಮಿಸ್ ಗ್ಯಾಡ್ಸನ್ ಗಣಿತದ ಮೇಡಂ. ಐದಡಿ ಮೈ, ಹತ್ತಡಿ ದನಿ. ಆ ಶಾಲೆಯಲ್ಲಿ ಮೇಲಿನ ಗಣಿತದ ಕ್ಲಾಸಿಗೆ ಹೋಗಬೇಕಾದರೆ ಮೇಷ್ಟರೊಬ್ಬರು ‘ಈ ಮಗು ತಕ್ಕದ್ದು’ ಎಂದು ಹೇಳಬೇಕು. ಕಪ್ಪು ಮಕ್ಕಳ ವಿಷಯದಲ್ಲಿ ಯಾವ ಮೇಷ್ಟರಿಗೂ ಆ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಮಿಸ್ ಗ್ಯಾಡ್ಸನ್ ಎಲ್ಲರಿಗೂ ತಕ್ಕದ್ದು ಎಂದರು. ಇಷ್ಟು ಜನ ತಕ್ಕವರು ಇರಲಿಕ್ಕೆ ಸಾಧ್ಯವೇ ಎಂದು ಮೇಲಿನವರು ಕೇಳಿದರು. "ನಿಮ್ಮ ಮಕ್ಕಳಲ್ಲಿ ಇರಬಹುದಾದ್ರೆ ನಮ್ಮಲ್ಲಿ ಯಾಕಿರಬಾರದು?" ಎಂದು ಇವರು ತಿರುಗಿ ಕೇಳಿದರು. ಆ ವರ್ಷದ ಉತ್ತಮ ಶಿಕ್ಷಕಿ ಪದಕ ಆಟ ಆಡಿಸುವ ಮೇಡಂಗೆ ಹೋಯಿತು. ಮುಂದಿನ ವರ್ಷಗಳಲ್ಲೂ ಅದು ಇವರ ಮನೆ ದಾರಿ ಹಿಡಿಯಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಬ್ರೆಡ್ಡಿನ ಡಬ್ಬಿ ಹಿಡಿದು ಗೂಡಿಗೆ ಬರುತ್ತಿದ್ದರು. ಗೋಡೆ ನೋಡುತ್ತ ಕೂತ ಮಕ್ಕಳ ಬೆನ್ನಿಗೆ ಪಾಠ ಹೇಳುತ್ತಿದ್ದರು. "ಮುಖ ಗೋಡೆಗಿರಲಿ, ಕಿವಿ ನನಗಿರಲಿ" ಎನ್ನುತ್ತಿದ್ದರು. ರಿಟೈರಾದ ಮೇಲೆ ತಿಂಗಳಿಗೊಮ್ಮೆ ಶಾಲಾ ಮಂಡಳಿಯ ಸಭೆಗೆ ಹೋಗಿ ಎರಡೇ ಪ್ರಶ್ನೆ ಕೇಳುತ್ತಿದ್ದರು. ಮೇಲಿನ ಗಣಿತದಲ್ಲಿ ನಮ್ಮ ಮಕ್ಕಳು ಎಷ್ಟು? ಗೂಡಿನಲ್ಲಿ ಎಷ್ಟು? ಅಲ್ಲಿ ಯಾರೇ ಮಾತಾಡಿದರೂ ಮೂರು ನಿಮಿಷಕ್ಕೆ ಮೈಕು ಬಂದ್. ಅವರು ಮೈಕು ಪಕ್ಕಕ್ಕಿಟ್ಟು ಮುಂದುವರಿಸುತ್ತಿದ್ದರು. ನಲವತ್ತು ಮಕ್ಕಳ ಕ್ಲಾಸಿಗೆ ಯಾರು ಮೈಕು ಕೊಟ್ಟಿದ್ದರು?

ವರ್ನೀಡಾ ಹದಿನಾಲ್ಕರಲ್ಲಿ ಆ ಗೂಡಿಗೆ ಬಂದವಳು. ತಪ್ಪು ಏನೆಂದರೆ ಮಣಿ. ಶನಿವಾರ ಸಂಜೆಯೆಲ್ಲ ಕೂತು ಅವಳವ್ವ ಅವಳ ತಲೆಗೆ ಸಣ್ಣ ಸಣ್ಣ ಜಡೆ ಹೆಣೆದು ತುದಿಗೆ ಬಣ್ಣದ ಮಣಿ ಕಟ್ಟಿದ್ದಳು. ತಲೆ ತಿರುಗಿಸಿದರೆ ಚಿಟಚಿಟ ಸದ್ದು. ಪಾಠಕ್ಕೆ ಅಡ್ಡಿ ಎಂದರು ಟೀಚರು. ತಲೆ ಅಲ್ಲಾಡಿಸದೆ ಕೂರು ಎಂದರು. ಒಂದು ದಿನ ಕೂತಳು, ಕತ್ತು ಹಿಡಿಯಿತು. ಎರಡನೆಯ ದಿನ ಗೂಡು. ಆಮೇಲೆ ಒಂದಾದ ಮೇಲೊಂದು ಕಾರಣ ಸಿಕ್ಕಿತು, ಪಾಠ ಹಿಂದೆ ಬಿತ್ತು, ಓದು ಬಿಟ್ಟುಹೋಯಿತು. ಅವಳನ್ನು ಹೊರಗೆ ಹಾಕಿದ ಶಾಲೆಯೇ ಆಮೇಲೆ ಪೊರಕೆ ಕೊಟ್ಟು ಒಳಗೆ ಕರೆಯಿತು. ಈಗ ಗೂಡಿನ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಪ್ರತಿ ಬೆಳಿಗ್ಗೆ ಆ ಬಾಗಿಲು ತೆಗೆಯುವಾಗ ಅವಳಿಗೆ ವಾಕರಿಕೆ ಬಂದಂತಾಗುತ್ತಿತ್ತು. ಇಷ್ಟು ವರ್ಷವಾದರೂ ಅದು ಹೋಗಿರಲಿಲ್ಲ.

ಭಾನುವಾರ ವರ್ನೀಡಾಳದ್ದು ಬೇರೆಯೇ ಗತ್ತು. ಚರ್ಚಿನಲ್ಲಿ ಅವಳು ಬಾಗಿಲು ಕಾಯುವ ಅಶರ್. ಬಿಳಿ ಉಡುಪು, ಬಿಳಿ ಬೂಟು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ. ಅಶರ್ ಕೆಲಸದಲ್ಲಿದ್ದಾಗ ಬಾಯಿ ಬಿಡುವಂತಿಲ್ಲ. ಎಲ್ಲ ಕೈಸನ್ನೆ. ಕೈ ಚಾಚಿದರೆ ಕೂತುಕೊಳ್ಳಿ, ಅಂಗೈ ಎತ್ತಿದರೆ ನಿಲ್ಲಿ. ಪ್ರಾರ್ಥನೆ ನಡೆಯುವಾಗ ಅಂಗೈ ಎತ್ತಿದಳೆಂದರೆ ಗವರ್ನರು ಬಂದರೂ ಹೊಸ್ತಿಲಾಚೆ ನಿಲ್ಲಬೇಕು.

ಗವರ್ನರು ಬರಲಿಲ್ಲ. ಡಾಕ್ಟರ್ ಹಾಲ್ಕಂಬ್ ಬಂದರು. ಮದ್ದು ಕೊಡುವ ಡಾಕ್ಟರಲ್ಲ, ಜಿಲ್ಲೆಯ ಶಾಲೆಗಳಿಗೆಲ್ಲ ಸೂಪರಿಂಟೆಂಡೆಂಟು. ಮಿಸ್ ಗ್ಯಾಡ್ಸನ್ ಅವರ ಮೈಕು ಬಂದ್ ಮಾಡಿಸುತ್ತಿದ್ದ ಬೆರಳು ಈ ಡಾಕ್ಟರದೇ. ತಡವಾಗಿ ಬಂದರು. ಹಿಂದೆ ಪೇಪರಿನ ಫೋಟೋದವನು, ಅವನ ಕಂಕುಳಲ್ಲಿ ಕಂದು ಕಾಗದ ಸುತ್ತಿದ ಒಂದು ಚಪ್ಪಟೆ ಗಂಟು.

ಒಳಗೆ ಹಿರಿಯ ಡೀಕನ್ ಪ್ರಾರ್ಥನೆ ಶುರು ಮಾಡಿದ್ದರು. ವರ್ನೀಡಾ ಅಂಗೈ ಎತ್ತಿದಳು.

"ನಾನು ಭಾಷಣ ಮಾಡಬೇಕಾದವನು" ಎಂದು ಡಾಕ್ಟರು ಪಿಸುಗುಟ್ಟಿದರು.

ಅಂಗೈ ಇಳಿಯಲಿಲ್ಲ. ಡೀಕನ್ ದೇವರು ಭೂಮಿ ಆಕಾಶ ಮಾಡಿದ ಕಡೆಯಿಂದ ಹೊರಟು ಈಗಷ್ಟೇ ನೋಹನ ದೋಣಿ ಹತ್ತಿದ್ದರು.

"ಮೇಡಂ, ದಯವಿಟ್ಟು. ನೀವು ಒಂದು ಮಾತು ಒಳಗೆ ಹೇಳಿದರೆ..."

ಮೇಡಂ. ನೀವು. ವಾರವಾರವೂ ಅವಳು ಒರೆಸಿದ ನೆಲದ ಮೇಲೆ ಒದ್ದೆ ಆರುವ ಮುಂಚೆಯೇ ನಡೆದು ಹೋಗುತ್ತಿದ್ದ ಮನುಷ್ಯ. ಅವಳ ಮುಖ ಅವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವರು ನೋಡಿದ್ದೆಲ್ಲ ಮಾಪಿನ ಕೋಲು. ವರ್ನೀಡಾಗೆ ಒಳಗೊಳಗೇ ನಗು ಬಂತು. ಡೀಕನ್ನರ ದೋಣಿ ನಿಧಾನಕ್ಕೆ ಹೋಗಲಿ ಎಂದು ಅವಳೂ ಒಂದು ಪ್ರಾರ್ಥನೆ ಸೇರಿಸಿದಳು. ಆಮೇಲೆ ಕಣ್ಣು ಫೋಟೋದವನ ಕಂಕುಳಿಗೆ ಹೋಯಿತು. ಚಪ್ಪಟೆ. ಬಾಗಿಲಿಗೆ ಹಾಕುವಷ್ಟು ಅಗಲ. ನಗು ಅಲ್ಲೇ ನಿಂತಿತು.

ಡೀಕನ್ ಮೋಶೆ, ದಾವೀದ ಎಲ್ಲರನ್ನೂ ಮಾತಾಡಿಸಿ ಆಮೆನ್ ಅಂದರು. ಅವಳು ಕೈ ಇಳಿಸಿ, ಡಾಕ್ಟರನ್ನು ಮುಂದಿನ ಬೆಂಚಿಗೆ ಕರೆದೊಯ್ದು ಕೂರಿಸಿ, ತನ್ನ ಜಾಗಕ್ಕೆ ಬಂದು ನಿಂತಳು.

ಪಾಸ್ಟರ್ ಫ್ರೇಜರ್ ಡಾಕ್ಟರನ್ನು ಕರೆದರು. "ಎರಡು ನಿಮಿಷ, ಸಾರ್. ಇಲ್ಲಿ ಎಲ್ಲರಿಗೂ ಎರಡೇ ನಿಮಿಷ." ಡಾಕ್ಟರು ಜೇಬಿನಿಂದ ಕಾಗದ ತೆಗೆದು ಓದತೊಡಗಿದರು.

ಆ ಚರ್ಚಿನಲ್ಲಿ ಭಾಷಣವನ್ನು ಸುಮ್ಮನೆ ಕೂತು ಕೇಳುವ ರೂಢಿಯಿಲ್ಲ. ಚೆನ್ನಾಗಿ ಹೇಳಿದರೆ "ಹೌದಪ್ಪ, ಹೇಳು" ಅನ್ನುತ್ತಾರೆ. ತುಂಬಾ ಚೆನ್ನಾಗಿದ್ದರೆ ಎದ್ದು ನಿಲ್ಲುತ್ತಾರೆ. ಮಾತಾಡುವವನು ತಡಬಡಾಯಿಸಿ, ಯಾವ ದಡಕ್ಕೂ ಸೇರದೆ ಒದ್ದಾಡುತ್ತಿದ್ದರೆ "ಕರ್ತನೇ, ಇವನ ಕೈ ಹಿಡಿ" ಅನ್ನುತ್ತಾರೆ. ಕೈ ಹಿಡಿ ಎಂದರೆ ಮುಳುಗುತ್ತಿದ್ದಾನೆ ಎತ್ತಿಕೋ ಎಂದು. ಅಲ್ಲಿ ಬೆಳೆದ ಕೂಸಿಗೂ ಇದು ಗೊತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ.

"ಮಿಸ್ ಗ್ಯಾಡ್ಸನ್ ಅವರು ನಮ್ಮ ಜಿಲ್ಲೆಯ... ಒಬ್ಬ ಪಾಲುದಾರರು" ಎಂದು ಡಾಕ್ಟರು ಓದಿದರು.

"ಕರ್ತನೇ, ಇವನ ಕೈ ಹಿಡಿ" ಎಂದರು ಮುಂದಿನ ಸಾಲಿನ ಮದರ್ ಟೂಮರ್. ಎಪ್ಪತ್ತು ದಾಟಿದ, ಇಡೀ ಚರ್ಚಿಗೆ ಹಿರಿಯಮ್ಮ. ತಲೆ ಮೇಲೆ ನೇರಳೆ ಬಣ್ಣದ ಹ್ಯಾಟು, ಹಿಂದಿನ ಎರಡು ಸಾಲಿಗೆ ನೆರಳು ಕೊಡುವಂಥದ್ದು.

ಡಾಕ್ಟರು ತಲೆಯೆತ್ತಿ ನಸುನಕ್ಕರು. ಇಂಥ ಸ್ವಾಗತ ಅವರು ಎಣಿಸಿರಲಿಲ್ಲ.

"ಅವರ ಮತ್ತು ನಮ್ಮ ನಡುವೆ ಸದಾ ಒಂದು... ಆರೋಗ್ಯಕರ ಮಾತುಕತೆ ಇತ್ತು."

"ಕೈ ಹಿಡಿ, ಕರ್ತನೇ." ಈ ಸಲ ಐದಾರು ದನಿ.

"ನಿಧಾನಕ್ಕೆ, ಮಗಾ, ನಿಧಾನಕ್ಕೆ" ಎಂದು ಮೂಲೆಯಿಂದೊಬ್ಬರು ಕನಿಕರಪಟ್ಟರು. ಆರ್ಗನ್ ಮುಂದೆ ಕೂತಿದ್ದ ಲೂಷಸ್, ಎರಡು ನಿಮಿಷವಾಯಿತೆಂದು ಸಣ್ಣಗೆ ಮಟ್ಟು ಹಿಡಿದ. ಸಾಕು ಇಳಿ ಎಂದು ಅದರ ಅರ್ಥ. ಡಾಕ್ಟರು ಅದನ್ನು ಹಿನ್ನೆಲೆ ಸಂಗೀತ ಅಂದುಕೊಂಡರು. ಮನುಷ್ಯ ಉಬ್ಬಿಹೋದರು. ಕಾಗದ ಮಡಚಿ ಜೇಬಿಗೆ ಹಾಕಿದರು. ಕಾಗದದಲ್ಲಿ ಇದ್ದದ್ದು ‘ಶಾಲೆಯ ಒಂದು ಕೊಠಡಿಗೆ ಅವರ ಹೆಸರು’ ಎಂದಷ್ಟೇ. ಬರೆದವರು ಜಾಣರು. ಮೂಗಿಗೆ ತುಪ್ಪ ಸವರುವಾಗ ಎಷ್ಟು ಸವರಬೇಕೆಂಬುದು ಅವರಿಗೆ ಗೊತ್ತಿತ್ತು. ಡಾಕ್ಟರಿಗೆ ಈಗ ಕಾಗದ ಬೇಕಿರಲಿಲ್ಲ.

"ನಮ್ಮ ಶಾಲೆಯ ಒಂದು ಕೊಠಡಿಗೆ ಅವರ ಹೆಸರಿಡುತ್ತಿದ್ದೇವೆ. ಯಾವ ಕೊಠಡಿ ಗೊತ್ತೇ?" ಕೈ ಅಗಲಿಸಿ ಕೇಳಿದರು, ಥೇಟ್ ಪಾಸ್ಟರರ ಹಾಗೆ. "ಅವರು ತಮ್ಮ ಊಟದ ಹೊತ್ತನ್ನೆಲ್ಲ ಕಳೆದ ಕೊಠಡಿ. ಅವರು ಅಷ್ಟೊಂದು ಪ್ರೀತಿಸಿದ ಕೊಠಡಿ."

ಅವರು ಫೋಟೋದವನ ಕೈಯಿಂದ ಗಂಟು ಇಸಕೊಂಡು ಕಾಗದ ಹರಿದರು. ಹಿತ್ತಾಳೆ ಹೊಳೆಯಿತು.

"ಕ್ಲಿಯೋರಾ ಗ್ಯಾಡ್ಸನ್ ಆತ್ಮಾವಲೋಕನ ಕೇಂದ್ರ."

ಯಾರೂ ಕರ್ತನನ್ನು ಕರೆಯಲಿಲ್ಲ. ಬೀಸಣಿಗೆಗಳು ನಿಂತವು. ಲೂಷಸ್ ಆರ್ಗನ್ ಮೇಲಿಂದ ಕೈ ತೆಗೆದ. ಆ ಚರ್ಚಿನಲ್ಲಿ ಬೈಗುಳಕ್ಕಿಂತ ದೊಡ್ಡದು ಮೌನ, ಹಾಗೆ ಮೌನ ಬಿದ್ದದ್ದು ತೀರಾ ಅಪರೂಪ. ಡಾಕ್ಟರು ಫಲಕ ಹಿಡಿದು ನಗುತ್ತ ಕ್ಲಿಕ್ಕಿಗೆ ಕಾಯುತ್ತಿದ್ದರು.

ವರ್ನೀಡಾಗೆ ಮೊದಲು ಬಂದದ್ದು ಸಿಟ್ಟಲ್ಲ, ಭಯ. ಸೋಮವಾರ ಆ ಡ್ರಿಲ್ ಹಿಡಿಯಬೇಕಾದ ಕೈ ತನ್ನದು. ಹಿಡಿಯದಿದ್ದರೆ ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು ಇನ್ನೆಲ್ಲಿ ಕೆಲಸ? ಹಿಡಿದರೆ? ಮಿಸ್ ಗ್ಯಾಡ್ಸನ್ ಹೆಸರನ್ನು ಗೂಡಿಗೆ ಬಡಿದವಳು ಎಂದು ತಾನು ಸಾಯುವವರೆಗೂ ತನಗೆ ಗೊತ್ತಿರುತ್ತದೆ. ಆಮೇಲೆ ಸಿಟ್ಟು ಬಂತು.

ಅವಳು ಬೆನ್ನ ಹಿಂದಿನ ಕೈಯನ್ನು ಮುಂದೆ ತಂದಳು. ಒಂದೊಂದೇ ಬೆರಳು ಎಳೆದು ಕೈಗವಸು ಬಿಚ್ಚಿದಳು. ಕೆಲಸದಲ್ಲಿದ್ದ ಅಶರ್ ಕೈಗವಸು ಬಿಚ್ಚಿದ್ದನ್ನು ಆ ಚರ್ಚು ಹಿಂದೆಂದೂ ಕಂಡಿರಲಿಲ್ಲ. ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿದರು. ಅವಳು ನಡುದಾರಿಯಲ್ಲಿ ನಡೆದು ಬಂದು ನಿಂತಳು.

"ಡಾಕ್ಟರ್ ಹಾಲ್ಕಂಬ್, ನಾನು ವರ್ನೀಡಾ. ನಿಮ್ಮ ಸ್ಕೂಲು ಗುಡಿಸೋಳು."

ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಿದರು.

"ಆ ಫಲಕಕ್ಕೆ ಬಾಗಿಲಲ್ಲಿ ತೂತು ಕೊರೀಬೇಕಾದೋಳು ನಾನೇ. ನಾನು ಕೊರೆಯಲ್ಲ."

"ಇದು ಅವರಿಗೆ ಸಲ್ಲಿಸುವ ಗೌರವ..."

"ಯಾವ ಗೌರವ ಸಾರ್? ಆಯಮ್ಮ ಆ ರೂಮು ಮುಚ್ಚಿ ಅಂತ ಜೀವ ತೇದಳು. ನೀವು ಆಯಮ್ಮನ್ನೇ ಆ ರೂಮಿಗೆ ಬೀಗ ಮಾಡಿ ಹಾಕ್ತಿದೀರಿ. ನಾಳೆಯಿಂದ ಟೀಚರು ಮಗೂಗೆ ಏನಂತಾರೆ? ನಡಿ, ಗ್ಯಾಡ್ಸನ್‌ಗೆ ನಡಿ ಅಂತಾರೆ. ಆಯಮ್ಮನ ಹೆಸರು ಹೇಳಿ ನಮ್ಮ ಮಕ್ಕಳನ್ನ ಹೆದರಿಸ್ತೀರಾ?"

"ಇದನ್ನು ಸಭೆಯಾದ ಮೇಲೆ ಮಾತಾಡೋಣ."

"ಅವಳು ಮುಗಿಸಲಿ" ಎಂದರು ಮದರ್ ಟೂಮರ್. "ನಿಮ್ಮಲ್ಲಾದ್ರೆ ಮೈಕಿನ ಸ್ವಿಚ್ಚು ನಿಮ್ಮ ಕೈಲಿರುತ್ತೆ. ಇಲ್ಲಿ ಲೂಷಸ್ ಕೈಲಿದೆ."

ಲೂಷಸ್ ವಿನಯದಿಂದ ಸ್ವಿಚ್ಚಿನ ಮೇಲೆ ಕೈಯಿಟ್ಟು ತೋರಿಸಿದ.

ವರ್ನೀಡಾ ಜನರ ಕಡೆ ತಿರುಗಿದಳು. "ಆ ರೂಮಲ್ಲಿ ಕೂತೋರು ಇಲ್ಲಿ ಯಾರ್ಯಾರಿದ್ದೀರಿ? ನಾನು ಕೂತಿದ್ದೆ. ಜಡೆ ಮಣಿ ಸದ್ದು ಮಾಡ್ತು ಅಂತ."

ಮೊದಲು ಎದ್ದದ್ದು ನೇರಳೆ ಹ್ಯಾಟು. "ನಾನು ಸೀನಿದ್ದಕ್ಕೆ" ಎಂದರು ಮದರ್ ಟೂಮರ್. "ಸೀನಿ ಸಾರಿ ಅಂದೆ. ಸಾರಿ ಅಂದ ರೀತಿ ಸರಿಯಿಲ್ಲ ಅಂದರು."

"ನಾನು ಬೆಂಚು ಬಡಿದೆ ಅಂತ" ಎಂದು ಲೂಷಸ್ ಎದ್ದ. "ಅದೇ ಬೆರಳಲ್ಲಿ ಈಗ ದೇವರ ಹಾಡು ಬಾರಿಸ್ತಿದೀನಿ."

"ಟೀಚರು ಲೆಕ್ಕ ತಪ್ಪು ಮಾಡಿದರು, ತಪ್ಪು ಅಂದೆ."

"ಕಣ್ಣು ಹೊರಳಿಸಿದೆ ಅಂತ. ನನ್ನ ಕಣ್ಣು ಹುಟ್ಟಿದ್ದೇ ಹಾಗೆ."

"ನಾನು ನಕ್ಕೆ. ಯಾಕೆ ನಕ್ಕೆ ಅಂದರು. ಅದು ನೆನಪಾಗಿ ಮತ್ತೆ ನಕ್ಕೆ."

ಸಾಲು ಸಾಲು ಎದ್ದರು. ಒಂದೊಂದು ಅಪರಾಧಕ್ಕೂ ಚರ್ಚು ನಕ್ಕಿತು, ನಗುತ್ತ ನಗುತ್ತ ಕೆಲವರು ಕಣ್ಣೊರೆಸಿಕೊಂಡರು. ಕೊನೆಗೆ ಪಾಸ್ಟರ್ ಫ್ರೇಜರ್ ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. "ನಾನು ವಿಪರೀತ ಮಾತಾಡ್ತೀನಿ ಅಂತ" ಎಂದರು. "ಆ ಒಂದು ಮಾತಲ್ಲಿ ಅವರದೇನೂ ಸುಳ್ಳಿಲ್ಲ." ಇಡೀ ಚರ್ಚಿನಲ್ಲಿ ಕೂತೇ ಉಳಿದವನು ಫೋಟೋದವನೊಬ್ಬ. ಅವನೂ ಕೂತಲ್ಲಿ ಸರಿಯಾಗಿ ಕೂರಲಾಗದೆ, ಫೋಟೋ ತೆಗೆಯತೊಡಗಿದ.

ಡಾಕ್ಟರ ಮುಖ ಕೆಂಪಾಗಿತ್ತು. ಅವರು ಫಲಕವನ್ನು ಎದೆಗೆ ಒತ್ತಿಕೊಂಡು ನಡುದಾರಿಯಲ್ಲಿ ಇಳಿದು ಬಂದು ವರ್ನೀಡಾಳ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಹೇಳಿದರು. "ಇದು ಮಂಡಳಿಯ ತೀರ್ಮಾನ. ಸೋಮವಾರ ಈ ಫಲಕ ಆ ಬಾಗಿಲ ಮೇಲಿರುತ್ತೆ. ನೀನು ಹಾಕದಿದ್ರೆ ಇನ್ನೊಬ್ಬ ಹಾಕ್ತಾನೆ. ನಿನ್ನ ಕೆಲಸಾನೂ ಅವನೇ ಮಾಡ್ತಾನೆ."

ಮೇಡಂ ಹೋಗಿ ನೀನು ಬಂದಿತ್ತು. ಈಗ ಗುರುತು ಸಿಕ್ಕಿತು ಎಂದುಕೊಂಡಳು ವರ್ನೀಡಾ.

ಸಭೆ ಮುಗಿದು ಎಲ್ಲರೂ ಕೆಳಗಿನ ಹಾಲಿನಲ್ಲಿ ಊಟಕ್ಕೆ ಕೂತರು. ಟೊಮ್ಯಾಟೊ ಹಾಕಿದ ಕೆಂಪು ಅನ್ನ, ಕರಿದ ಮೀನು, ಬೇಯಿಸಿದ ಸೊಪ್ಪು, ಬೆಂಡೆಕಾಯಿ. ವರ್ನೀಡಾಗೆ ತುತ್ತು ಇಳಿಯಲಿಲ್ಲ. ಬಾಯಿ ಬಿಟ್ಟಾಗ ಇದ್ದ ಧೈರ್ಯ ಮೆಟ್ಟಿಲಿಳಿಯುವಾಗಲೇ ಅರ್ಧ ಸೋರಿಹೋಗಿತ್ತು.

"ಇನ್ನೊಬ್ಬ ಯಾರಾದ್ರೂ ಬಂದು ಹಾಕ್ತಾನೆ, ಮದರ್. ನನ್ನ ಕೆಲಸ ಹೋದದ್ದೊಂದೇ ಬಂತು."

ಮದರ್ ಟೂಮರ್ ಮೀನಿನ ಮುಳ್ಳು ಬಿಡಿಸುತ್ತಿದ್ದರು. "ನಂಗೆ ಒಂದು ನೆನಪಾಯ್ತು ಕಣೆ. ಆ ಸೀನಿಗೆ ನಂಗೆ ಮೂರು ದಿನ ಗೂಡು ಅಂದಿದ್ರು. ಎರಡನೇ ದಿನಕ್ಕೆ ನಮ್ಮವ್ವ ಬಂದು ಎಳ್ಕೊಂಡು ಹೋದಳು. ಒಂದು ದಿನ ಇನ್ನೂ ಉಳಿದಿದೆ."

"ಅದಕ್ಕೇ?"

"ಬಾಕಿ ಉಳಿಸ್ಕೊಂಡು ಸಾಯಬಾರದು ಅಂತಾರೆ. ನಾಳೆ ಬಂದು ಕೂತುಬಿಡ್ತೀನಿ."

ಮೇಜಿನ ಸುತ್ತ ಎಲ್ಲರೂ ನಕ್ಕರು. ಲೂಷಸ್ ತನಗೂ ಒಂದೂವರೆ ದಿನ ಉಳಿದಿರಬೇಕು ಎಂದ. ಪಾಸ್ಟರು, ತನ್ನದು ಲೆಕ್ಕ ಹಾಕಿದರೆ ಇಡೀ ವಾರ ಎಂದರು. ನಗು ಒಂದು ಸುತ್ತು ಹೊಡೆದು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದರ್ ಟೂಮರ್ ಮಾತ್ರ ನಕ್ಕಿರಲಿಲ್ಲ, ಅವರು ಮೀನು ತಿನ್ನುತ್ತಿದ್ದರು.

"ಬಾಗಿಲು ಎಷ್ಟೊತ್ತಿಗೆ ತೆಗೀತೀಯೇ?" ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಹೊಸ ಬಣ್ಣದ ಘಾಟು ಇನ್ನೂ ಆರಿರಲಿಲ್ಲ. ಡಾಕ್ಟರು ಫಲಕ ಹಿಡಿದು ಗೂಡಿನ ಮುಂದೆ ನಿಂತಿದ್ದರು. ಕರೆಸಿದ್ದ ಬಡಗಿ ಬಂದಿರಲಿಲ್ಲ. ಅವನು ಲೂಷಸನ ತಮ್ಮ, ಇದ್ದಕ್ಕಿದ್ದಂತೆ ಅವನಿಗೆ ಬೆನ್ನು ಹಿಡಿದಿತ್ತು.

"ವರ್ನೀಡಾ, ಡ್ರಿಲ್ ಎಲ್ಲಿ?" ಎಂದು ಪ್ರಿನ್ಸಿಪಾಲ್ ಮೇಡಂ ಕೇಳಿದರು.

"ಶೆಲ್ಫಲ್ಲಿದೆ, ಮೇಡಂ. ನಾನು ಮುಟ್ಟಲ್ಲ."

"ಹೇಳಿದ ಮಾತು ಕೇಳಲ್ವಾ?"

"ಕೇಳಲ್ಲ."

"ನಿನ್ನನ್ನ ಏನು ಮಾಡಬೇಕು ಈಗ?"

"ಹೇಳಿದ ಮಾತು ಕೇಳದೋರನ್ನ ಈ ಸ್ಕೂಲಲ್ಲಿ ಎಲ್ಲಿಗೆ ಕಳಿಸ್ತೀರಿ, ಮೇಡಂ? ಅಲ್ಲಿಗೇ ಹೋಗ್ತೀನಿ."

ಅವಳು ಸೊಂಟದ ಕೀ ತೆಗೆದು ಬಾಗಿಲು ತೆರೆದು ಒಳಗೆ ಹೋದಳು. ಮೊದಲ ಖಾನೆಯ ಕುರ್ಚಿ ಎಳೆದಳು. ಕುರ್ಚಿಯನ್ನು ಗೋಡೆಯಿಂದ ತಿರುಗಿಸಿ ಬಾಗಿಲಿಗೆ ಮುಖ ಮಾಡಿ ಕೂತಳು. ಹದಿನಾಲ್ಕರ ಮಕ್ಕಳಿಗೆ ಮಾಡಿದ ಕುರ್ಚಿ, ಐವತ್ತೆಂಟರ ಸೊಂಟಕ್ಕೆ ಸಾಲದು. ಆದರೂ ಕೂತಳು. ಹೊಟ್ಟೆಯೊಳಗಿನ ಆ ವಾಕರಿಕೆ ಅವತ್ತು ಬರಲಿಲ್ಲ, ಅದನ್ನು ಅವಳು ಆಮೇಲೆ ಗಮನಿಸಿದಳು.

ಅಷ್ಟು ಹೊತ್ತಿಗೆ ಮುಂಬಾಗಿಲ ಆಫೀಸಿನಲ್ಲಿ ಗಲಾಟೆಯಿಲ್ಲದ ಒಂದು ಗಲಾಟೆ ನಡೆದಿತ್ತು. ಹೊರಗಿನಿಂದ ಬಂದವರು ಹೆಸರು ಬರೆದು, ಬಂದ ಕಾರಣ ಹೇಳಬೇಕು. ಮದರ್ ಟೂಮರ್ ಕಾರಣ ಹೇಳಿದರು: ಶಿಕ್ಷೆ. ಅವರ ಹಿಂದೆ ನಿಂತಿದ್ದ ಸಾಲೆಲ್ಲ ಅದನ್ನೇ ಹೇಳಿತು. ಆಫೀಸಿನ ಹುಡುಗಿ ಏನು ಮಾಡಲೂ ತೋಚದೆ ಎಲ್ಲರಿಗೂ ಚೀಟಿ ಅಂಟಿಸಿ ಒಳಗೆ ಬಿಟ್ಟಳು. ಅವಳಿಗೆ ಮಿಸ್ ಗ್ಯಾಡ್ಸನ್ ಲೆಕ್ಕ ಕಲಿಸಿದ್ದರು.

ಓಣಿಯ ಕೊನೆಯಿಂದ ಮೊದಲು ಹ್ಯಾಟು ಬಂತು. ಹಿಂದೆ ಲೂಷಸ್. ಅವನ ಹಿಂದೆ ಊರುಗೋಲು, ಕೈಚೀಲ, ಬೀಸಣಿಗೆ, ಭಾನುವಾರದ ಬಟ್ಟೆ. ಪಾಸ್ಟರ್ ಫ್ರೇಜರ್ ಒಂದು ಖಾನೆಯೊಳಗೆ ಅರ್ಧ ಹೊಕ್ಕು, ಮಿಕ್ಕರ್ಧವನ್ನು ಹೊರಗೆ ಬಿಟ್ಟು ಕೂತರು. ಯಾರೂ ಘೋಷಣೆ ಕೂಗಲಿಲ್ಲ. "ಗುಡ್ ಮಾರ್ನಿಂಗ್, ಡಾಕ್ಟರ್" ಎಂದು ಒಬ್ಬೊಬ್ಬರೂ ಹೇಳಿ ಒಳಗೆ ಹೋದರು. ಎಲ್ಲರೂ ಕುರ್ಚಿ ಬಾಗಿಲಿಗೆ ತಿರುಗಿಸಿಕೊಂಡರು.

"ಎಷ್ಟು ಹೊತ್ತು ಕೂರ್ತೀರಿ ಇಲ್ಲಿ?" ಎಂದರು ಡಾಕ್ಟರು.

"ಇವತ್ತು ನಂದು" ಎಂದರು ಮದರ್ ಟೂಮರ್. "ನಾಳೆ ಇವರದ್ದು. ನಾಡಿದ್ದಿಗೆ ಬೇರೆ ಜನ ಇದ್ದಾರೆ. ಊರು ತುಂಬಾ ತಪ್ಪು ಮಾಡಿದೋರೇ ಸಾರ್."

ಡಾಕ್ಟರು ಕೋಟು ಕಳಚಿ ತಾವೇ ಡ್ರಿಲ್ ಎತ್ತಿಕೊಂಡರು. ಟೈಯನ್ನು ಭುಜದ ಹಿಂದೆ ಹಾಕಿ ಗುಂಡಿ ಒತ್ತಿದರು. ಡ್ರಿಲ್ ಕಿರುಚಿತು, ಮರದ ಮೇಲೆ ಜಾರಿತು, ಬಾಗಿಲ ಮೇಲೆ ಸೊಟ್ಟಗೊಂದು ಗೆರೆ ಎಳೆಯಿತು. ಒಳಗಿನಿಂದ ತಣ್ಣಗೆ, ಒಂದೇ ದನಿಯಲ್ಲಿ ಕೇಳಿಸಿತು:

"ಕರ್ತನೇ, ಇವನ ಕೈ ಹಿಡಿ."

ಈ ಸಲ ಡಾಕ್ಟರಿಗೆ ಅರ್ಥವಾಯಿತು. ಅವರು ಡ್ರಿಲ್ ಕೆಳಗಿಟ್ಟರು. ಫಲಕವನ್ನು ಗೋಡೆಗೆ ಒರಗಿಸಿ, ಕೋಟು ಹುಡುಕಿದರು. ಪ್ರಿನ್ಸಿಪಾಲ್ ಮೇಡಂ ಕಿವಿಯ ಹತ್ತಿರ ಬಂದು, ಪೊಲೀಸರಿಗೆ ಫೋನ್ ಮಾಡಲೇ ಎಂದರು. ಡಾಕ್ಟರು ಓಣಿಯ ಕಡೆ ನೋಡಿದರು. ಯಾರೂ ಕರೆಯದೆ ಬಂದ ಫೋಟೋದವನು ಅಲ್ಲಿ ನಿಂತಿದ್ದ. ಬೇಡ ಎಂದರು. ಆಮೇಲೆ ವರ್ನೀಡಾಳ ಕಡೆ ತಿರುಗಿದರು. "ನಿನ್ನ ವಿಷಯ ಮಂಡಳಿ ಮುಂದೆ ಇಡ್ತೀನಿ."

"ಇಡಿ ಸಾರ್. ನಾನೂ ಬರ್ತೀನಿ. ಮೂರು ನಿಮಿಷ ಕೊಡ್ತೀರಲ್ಲ."

ಹೇಳುವಾಗ ಅವಳಿಗೆ ಹೆದರಿಕೆಯೇನೂ ಕಡಿಮೆಯಾಗಿರಲಿಲ್ಲ. ಆದರೆ ಎಡಕ್ಕೆ ಮದರ್ ಟೂಮರರ ಮೊಣಕೈ ತಗುಲುತ್ತಿತ್ತು, ಬಲಕ್ಕೆ ಲೂಷಸನದು. ಆ ಕೋಣೆಯಲ್ಲಿ ಯಾರೂ ಯಾರಿಗೂ ತಗುಲದಿರಲೆಂದೇ ಹಲಗೆ ನಿಲ್ಲಿಸಿದ್ದು. ಹಲಗೆಗಳನ್ನು ಯಾರು ಯಾವಾಗ ಎತ್ತಿ ಮೂಲೆಗೆ ಇಟ್ಟರೋ ಅವಳು ನೋಡಿರಲಿಲ್ಲ.

ಗಂಟೆ ಹೊಡೆಯಿತು. ಪಾಠ ಶುರುವಾಯಿತು. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಒಂದು ಮಗು ಚೀಟಿ ಹಿಡಿದು ಬಂತು. ತಲೆ ತಗ್ಗಿಸಿ ಬಂದದ್ದು ಬಾಗಿಲಿಗೆ ಬಂದು ತಲೆಯೆತ್ತಿತು. ಒಳಗೆ ಕಿಕ್ಕಿರಿದ ಹ್ಯಾಟುಗಳು, ನೆರೆತ ತಲೆಗಳು, ತನ್ನದೇ ಚರ್ಚಿನ ಪಾಸ್ಟರು.

"ಯಾಕಮ್ಮ ಕಳಿಸಿದ್ರು?" ವರ್ನೀಡಾ ಕೇಳಿದಳು.

"ಪೆನ್ಸಿಲ್ ಬೀಳಿಸಿದೆ, ಮಿಸ್ ವರ್ನೀಡಾ. ಎರಡು ಸಲ."

"ಯಾವ ಪಾಠ ನಡೀತಿತ್ತು?"

"ಲೆಕ್ಕದ್ದು."

ಮಗು ಪ್ರಿನ್ಸಿಪಾಲರ ಮುಖ ನೋಡಿತು. ಪ್ರಿನ್ಸಿಪಾಲ್ ಮೇಡಂ ಕೋಣೆಯೊಳಗೆ ಒಂದು ಖಾಲಿ ಕುರ್ಚಿಗಾಗಿ ಹುಡುಕಿದರು, ಒಂದೂ ಇರಲಿಲ್ಲ.

"ಇಲ್ಲಿ ಜಾಗ ಇಲ್ಲ, ಕಂದ" ಎಂದಳು ವರ್ನೀಡಾ. "ಕ್ಲಾಸಿಗೆ ಹೋಗು."